ಗೋಲ್ಡ್‌ಫಿಶ್: ಫಿಲ್ಟರ್ ಮೀಡಿಯಾ ಮತ್ತು ದೊಡ್ಡ ತೊಟ್ಟಿ

ಗೋಲ್ಡ್‌ಫಿಶ್ ಸಿಪ್ರಿನಿಡೇ ಕುಟುಂಬದ ಸಿಹಿನೀರಿನ ಮೀನು. ಶಾಸ್ತ್ರೀಯ ಹೆಸರು ಕರಾಸಿಯಸ್ ಔರಾಟಸ್. ನಮ್ಮ ಕೆರೆಗಳ ಕಾಟ್ಲ, ರೋಹು, ಸಾಮಾನ್ಯ ಗೆಂಡೆ ಇದರ ನೆಂಟರು. ಹೊನ್ನಮೀನು, ಚಿನ್ನದ ಮೀನು ಎಂದು ಕನ್ನಡದಲ್ಲಿ ಬರೆಯುವುದುಂಟು. ಆದರೆ ಅಂಗಡಿಯಲ್ಲೂ ಮನೆಯಲ್ಲೂ ಬಳಕೆಯಲ್ಲಿರುವುದು ಗೋಲ್ಡ್‌ಫಿಶ್ ಎಂಬ ಮಾತೇ. ಚೀನಾದಲ್ಲಿ ಸೋಂಗ್ ವಂಶದ ಆಳ್ವಿಕೆಯಲ್ಲಿ (960–1279) ಕೆಂಪು, ಹೊಂಬಣ್ಣದ ಮೀನುಗಳನ್ನು ಆರಿಸಿ ಕೊಳಗಳಲ್ಲಿ ಬೆಳೆಸುವುದು ರೂಢಿಯಾಯಿತು. ಮಿಂಗ್ ಕಾಲದಲ್ಲಿ (1368–1644) ಅವು ಕೊಳ ಬಿಟ್ಟು ಮನೆಯ ಬಾನಿಗಳಿಗೆ ಬಂದವು. ಜೋಡಿ ಬಾಲದ, ಗುಂಡು ಮೈಯ ತಳಿಗಳು ಉಳಿದು ಬೆಳೆದದ್ದು ಈ ಕಾಪಾಡಿದ ಬದುಕಿನಲ್ಲಿ. ಯುರೋಪಿಗೆ ಅವು 17ನೆಯ ಶತಮಾನದಲ್ಲಿ, ಅಮೆರಿಕಕ್ಕೆ 19ನೆಯ ಶತಮಾನದ ನಡುಭಾಗದಲ್ಲಿ ಹೋದವು. ಭಾರತದಲ್ಲಿ ಇವುಗಳ ವ್ಯಾಪಾರಕ್ಕೆ ಕೋಲ್ಕತ್ತ ಮತ್ತು ಚೆನ್ನೈನ ಕೊಳತ್ತೂರು ಹೆಸರಾದ ನೆಲೆಗಳು.

ಈ ಲೇಖನದ ವಿಷಯ ತಳಿಗಳ ಚೆಲುವಲ್ಲ. ಒಂದೂವರೆ ಅಂಗುಲದ ಮರಿಯಾಗಿ ಮನೆಗೆ ಬಂದ ಮೀನು ಬೆಳೆಯತೊಡಗಿದಾಗ ಅದಕ್ಕೆ ಬೇಕಾಗುವ ದೊಡ್ಡ ತೊಟ್ಟಿ, ಆ ತೊಟ್ಟಿಯ ನೀರನ್ನು ಬದುಕಲು ಯೋಗ್ಯವಾಗಿ ಇಡುವ ಫಿಲ್ಟರ್ ಮೀಡಿಯಾ, ಇವೆರಡನ್ನೂ ಒಟ್ಟಿಗೆ ಸಿದ್ಧಪಡಿಸುವ ಬಗೆ ಇಲ್ಲಿನ ಮಾತು. ಒಟ್ಟಿಗೆ ಎಂಬುದೇ ಮುಖ್ಯ. ತೊಟ್ಟಿ ದೊಡ್ಡದಾಗಿ ಫಿಲ್ಟರ್ ಹೊಸದಾದರೆ, ಹೊಸ ಮನೆಗೆ ಬಂದ ವಾರದೊಳಗೇ ಮೀನು ಸಾಯಬಹುದು.

ಬೆಳೆಯುವ ಮೀನಿನ ಲೆಕ್ಕ

ಕಾಮೆಟ್, ಶುಬುಂಕಿನ್ ಮೊದಲಾದ ಉದ್ದ ಮೈಯ, ಒಂಟಿ ಬಾಲದ ತಳಿಗಳು 25–30 ಸೆಂಟಿಮೀಟರ್ ಮುಟ್ಟಬಲ್ಲವು. ಒರಾಂಡಾ, ರ್ಯೂಕಿನ್, ರಾಂಚು, ಬ್ಲ್ಯಾಕ್ ಮೂರ್‌ಗಳಂಥ ಗುಂಡು ತಳಿಗಳು ಸಾಮಾನ್ಯವಾಗಿ 15–20 ಸೆಂಟಿಮೀಟರ್. ತೊಟ್ಟಿ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತದೆ ಎಂಬ ಮಾತು ಮೀನಂಗಡಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಚಿಕ್ಕ ತೊಟ್ಟಿಯಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಅದು ಮೀನು ಜಾಗಕ್ಕೆ ಹೊಂದಿಕೊಂಡ ಗುರುತಲ್ಲ, ಕೆಟ್ಟ ನೀರಿನಲ್ಲಿ ನರಳಿದ ಗುರುತು. ಒಳ್ಳೆಯ ಆರೈಕೆಯಲ್ಲಿ ಗೋಲ್ಡ್‌ಫಿಶ್ ಹತ್ತು ವರ್ಷ ಬಾಳುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಮೀನು 1999ರವರೆಗೆ, 43 ವರ್ಷ ಬದುಕಿತು.

ಬೆಳವಣಿಗೆಯನ್ನು ಉದ್ದದಲ್ಲಿ ಅಳೆಯುವ ರೂಢಿಯೇ ಸಾಕುವವರ ದಾರಿ ತಪ್ಪಿಸುತ್ತದೆ. ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟು. ನಾಲ್ಕು ಸೆಂಟಿಮೀಟರಿನ ಮರಿ ಹನ್ನೆರಡಕ್ಕೆ ಬಂದಾಗ ತೂಕ ಇಪ್ಪತ್ತೇಳು ಪಟ್ಟಿನ ಆಸುಪಾಸು. ತಿನ್ನುವುದು, ಉಸಿರಾಡುವುದು, ವಿಸರ್ಜಿಸುವುದು ತೂಕವನ್ನು ಅನುಸರಿಸಿ ಏರುತ್ತವೆಯೇ ಹೊರತು ಉದ್ದವನ್ನಲ್ಲ. ಇಂತಿಷ್ಟು ಅಂಗುಲ ಮೀನಿಗೆ ಇಂತಿಷ್ಟು ನೀರು ಎಂಬ ಹಳೆಯ ಸೂತ್ರ ಚಿಕ್ಕ ಟೆಟ್ರಾ ಮೀನುಗಳಿಗೆ ಹೇಗೋ ನಡೆದೀತು, ಗೋಲ್ಡ್‌ಫಿಶ್‌ಗೆ ಸಲ್ಲದು. ಜೊತೆಗೆ ಈ ಮೀನಿಗೆ ಜಠರವಿಲ್ಲ. ಆಹಾರ ಗಂಟಲಿನ ಹಲ್ಲುಗಳಲ್ಲಿ ಅರೆದು ನೇರ ಕರುಳಿಗೆ ಇಳಿಯುತ್ತದೆ. ಅದಕ್ಕೇ ದಿನವಿಡೀ ತಳ ಕೆದಕುತ್ತಾ ಮೇಯುವ ಗುಣ, ಬೆನ್ನಿಗೇ ಹಿಕ್ಕೆ.

ಅಮೋನಿಯಾ

ಹಿಕ್ಕೆ ಕಣ್ಣಿಗೆ ಕಾಣುತ್ತದೆ, ಕೊಲ್ಲುವುದು ಕಾಣದ್ದು. ಮೀನು ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಮೀನು ಸಾಕಣೆಯವರು ಬಳಸುವ ಅಂದಾಜಿನಂತೆ, 35 ಶೇಕಡ ಪ್ರೋಟೀನ್ ಇರುವ ಆಹಾರದ ತೂಕದಲ್ಲಿ ನೂರಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು ಅಮೋನಿಯಾ ಸಾರಜನಕವಾಗಿ ಹೊರಬರುತ್ತದೆ. ದಿನಕ್ಕೆ ಎರಡು ಗ್ರಾಂ ಆಹಾರ ಹಾಕಿದರೆ ಸುಮಾರು 64 ಮಿಲಿಗ್ರಾಂ. ಹದಿನೈದು ಲೀಟರಿನ ಬಟ್ಟಲಿನಲ್ಲಿ ಅದು ಒಂದೇ ದಿನಕ್ಕೆ ಲೀಟರಿಗೆ ನಾಲ್ಕು ಮಿಲಿಗ್ರಾಂ ದಾಟುತ್ತದೆ. 255 ಲೀಟರಿನ ತೊಟ್ಟಿಯಲ್ಲಿ ಕಾಲು ಮಿಲಿಗ್ರಾಂ. ಆಹಾರ ಅದೇ, ಮೀನು ಅದೇ. ದೊಡ್ಡ ತೊಟ್ಟಿ ಮೀನಿಗೆ ಈಜಲು ಮಾತ್ರ ಬೇಕೆಂಬ ಎಣಿಕೆ ಈ ಒಂದು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಇಟಲಿಯ ರೋಮ್ ನಗರ 2005ರಲ್ಲಿ ಗೋಲ್ಡ್‌ಫಿಶ್ ಅನ್ನು ಗುಂಡು ಬಟ್ಟಲಿನಲ್ಲಿಡುವುದನ್ನೇ ನಿಷೇಧಿಸಿತು. ನಮ್ಮ ಅಂಗಡಿಗಳ ಮುಂದಿನ ಸಾಲಿನಲ್ಲಿ ಆ ಬಟ್ಟಲುಗಳು ಇನ್ನೂ ಇವೆ.

ಅಮೋನಿಯಾದ ವಿಷ ನೀರಿನ ಕ್ಷಾರತೆಯ ಜೊತೆ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಅದರ ವಿಷರೂಪದ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8ಕ್ಕೆ ಹೋದರೆ ನೂರಕ್ಕೆ ಐದು. ಗಡಸು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಪಿಎಚ್ ಎಷ್ಟೋ ಸಲ ಎಂಟರ ಹತ್ತಿರವೇ ಇರುತ್ತದೆ. ಪರೀಕ್ಷೆಯಲ್ಲಿ ಒಂದೇ ಅಂಕಿ ತೋರಿದರೂ ಒಬ್ಬರ ಮನೆಯ ಮೀನು ಆರಾಮವಾಗಿದ್ದು ಇನ್ನೊಬ್ಬರದ್ದು ಕಿವಿರು ಕೆಂಪಾಗಿ ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದು ಕಾರಣ.

ಈ ವಿಷವನ್ನು ಕರಗಿಸುವವು ಬ್ಯಾಕ್ಟೀರಿಯಾಗಳು. ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಯಲ್ಲಿ ಗೋಲ್ಡ್‌ಫಿಶ್, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ನೀರು ಕೆಡದೆ ಉಳಿಯುವುದನ್ನು 1850ರಲ್ಲಿ ವರದಿ ಮಾಡಿದ. ಗಿಡ–ಮೀನುಗಳ ಸಮತೋಲವೇ ಕಾರಣವೆಂದು ಆಗಿನವರು ತಿಳಿದರು. ಆ ತೊಟ್ಟಿಯ ಕಲ್ಲು, ಎಲೆ, ಗಾಜಿನ ಮೇಲೆ ದುಡಿಯುತ್ತಿದ್ದ ಜೀವಿಗಳು ಅವರ ಲೆಕ್ಕದಲ್ಲಿ ಇರಲಿಲ್ಲ. ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ ಅವುಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ರಕ್ತವನ್ನು ಕಂದುಗಟ್ಟಿಸಿ ಉಸಿರು ಕಟ್ಟಿಸುತ್ತದೆ. ನೈಟ್ರೇಟ್ ಬಹಳ ಸೌಮ್ಯ. ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದೆಂದು 2015ರಲ್ಲಿ ಗೊತ್ತಾಯಿತು. ಹೆಸರುಗಳು ಏನೇ ಇರಲಿ, ಮನೆಯಲ್ಲಿ ಸಾಕುವವರು ನೆನಪಿಡಬೇಕಾದ್ದು ಇಷ್ಟು: ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಅಲ್ಪ, ಮೇಲ್ಮೈಗಳಿಗೆ ಅಂಟಿಕೊಂಡಿರುವುದು ಬಹಳ. ಅವುಗಳಿಗೆ ಅಂಟಲು ಜಾಗ, ಉಸಿರಾಡಲು ಆಮ್ಲಜನಕ, ತಿನ್ನಲು ಅಮೋನಿಯಾ ಬೇಕು. ಜಾಗ ಕೊಡುವುದೇ ಫಿಲ್ಟರ್ ಮೀಡಿಯಾ.

ಮೀಡಿಯಾದ ಬಗೆಗಳು

ಮೀಡಿಯಾ ಮೂರು ಕೆಲಸಕ್ಕೆ: ಕಸ ಹಿಡಿಯುವುದು, ಬ್ಯಾಕ್ಟೀರಿಯಾಕ್ಕೆ ಮನೆಯಾಗುವುದು, ಕರಗಿದ ವಸ್ತುಗಳನ್ನು ಹೀರುವುದು. ನೀರು ಮೊದಲು ಒರಟು ಸ್ಪಂಜನ್ನು, ಆಮೇಲೆ ನುಣುಪು ಸ್ಪಂಜನ್ನೋ ಬಿಳಿಯ ಫಿಲ್ಟರ್ ವೂಲನ್ನೋ ದಾಟಿ, ಕಸ ಕಳೆದುಕೊಂಡು ಜೈವಿಕ ಮೀಡಿಯಾಕ್ಕೆ ಬರಬೇಕು. ಈ ಕ್ರಮ ತಲೆಕೆಳಗಾದರೆ ಸೆರಾಮಿಕ್ ಉಂಗುರಗಳ ಸಂದಿಗಳಲ್ಲಿ ಹಿಕ್ಕೆ ತುಂಬಿ ಬ್ಯಾಕ್ಟೀರಿಯಾಗಳಿಗೆ ಉಸಿರಿರುವುದಿಲ್ಲ. ಗೋಲ್ಡ್‌ಫಿಶ್ ತೊಟ್ಟಿಗಳಲ್ಲಿ ಕಸದ ಪದರವನ್ನು ಧಾರಾಳವಾಗಿಯೇ ಇಡಬೇಕು, ಮತ್ತು ಕೈಗೆ ಸುಲಭವಾಗಿ ಸಿಗುವಲ್ಲಿ ಇಡಬೇಕು. ತೆಗೆದು ತೊಳೆಯಲು ಅರ್ಧ ಗಂಟೆ ಹಿಡಿಯುವ ಸ್ಪಂಜನ್ನು ಯಾರೂ ವಾರವಾರ ತೊಳೆಯುವುದಿಲ್ಲ.

ಜೈವಿಕ ಮೀಡಿಯಾಗಳಲ್ಲಿ ಸೆರಾಮಿಕ್ ಉಂಗುರ, ಬಯೋ ಬಾಲ್, ಲಾವಾ ಕಲ್ಲು, ಸ್ಪಂಜು, ಪ್ಲಾಸ್ಟಿಕ್ ಚಕ್ರಗಳು ಮುಖ್ಯ. ಕೊನೆಯದು ಕೆ1 ಎಂಬ ಹೆಸರಿನಲ್ಲಿ ಪ್ರಸಿದ್ಧ; ನಾರ್ವೆಯಲ್ಲಿ 1980ರ ದಶಕದ ಕೊನೆಯಲ್ಲಿ ಚರಂಡಿ ನೀರು ಶುದ್ಧೀಕರಣಕ್ಕೆಂದು ರೂಪುಗೊಂಡ ಕ್ರಮದಿಂದ ಬಂದದ್ದು. ಗಾಳಿಯ ಗುಳ್ಳೆಗಳಲ್ಲಿ ಸದಾ ಹೊರಳುತ್ತಿರುವ ಈ ಚಕ್ರಗಳ ಹೊರಮೈ ತಾನಾಗಿ ಉಜ್ಜಿಕೊಂಡು ಚೊಕ್ಕಟವಾಗುತ್ತದೆ, ಒಳಮೈಯಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದೆ. ಒಂದು ಲೀಟರ್ ಕೆ1ನಲ್ಲಿ ಇಂಥ ರಕ್ಷಿತ ಮೇಲ್ಮೈ ಸುಮಾರು ಅರ್ಧ ಚದರ ಮೀಟರ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ತಳ, ಗೋಡೆ ಎಲ್ಲ ಸೇರಿಸಿದರೂ ಎರಡು ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಐದು ಲೀಟರ್ ಕೆ1 ಇಡೀ ತೊಟ್ಟಿಯ ಗಾಜನ್ನು ಮೀರಿಸುತ್ತದೆ.

ದುಬಾರಿ ಮೀಡಿಯಾ ಇಲ್ಲದಿದ್ದರೆ ಕೆಲಸ ನಿಲ್ಲಬೇಕಿಲ್ಲ. ಮೆರುಗು ಹಚ್ಚದ ಸುಟ್ಟ ಮಣ್ಣಿಗೆ ಬ್ಯಾಕ್ಟೀರಿಯಾ ಚೆನ್ನಾಗಿ ಅಂಟುತ್ತದೆ; ಮಂಗಳೂರು ಹಂಚಿನ ಚೂರುಗಳನ್ನು ದೂಳು ಹೋಗುವವರೆಗೆ ತೊಳೆದು ಬಳಸಬಹುದು. ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಸೋಪು ಸೇರದ ಹೊಸದಾಗಿದ್ದರೆ ಅದೂ ಸರಿ, ಸ್ಟೀಲಿನದು ಬೇಡ. ಮೀಡಿಯಾದ ಬೆಲೆಗಿಂತ ಅದರ ಮೇಲೆ ನೀರು ಸಮನಾಗಿ ಹರಿಯುತ್ತದೆಯೇ ಎಂಬುದು ಹೆಚ್ಚಿನ ಪ್ರಶ್ನೆ.

ರಾಸಾಯನಿಕ ಮೀಡಿಯಾ ಗೋಲ್ಡ್‌ಫಿಶ್‌ಗೆ ಬಹುತೇಕ ಐಚ್ಛಿಕ. ಸಕ್ರಿಯ ಇದ್ದಿಲು ಹಳದಿ ಬಣ್ಣ, ವಾಸನೆ, ಔಷಧಿಯ ಶೇಷಗಳನ್ನು ತೆಗೆಯುತ್ತದೆ. ಔಷಧಿ ಹಾಕುವಾಗ ಅದನ್ನು ಹೊರಗಿಡಬೇಕು. ಜಿಯೋಲೈಟ್ ಅಮೋನಿಯಾ ಹಿಡಿಯುತ್ತದೆ, ಆದರೆ ತೊಟ್ಟಿಗೆ ಉಪ್ಪು ಬಿದ್ದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಜಿಯೋಲೈಟನ್ನೂ ಕಲ್ಲುಪ್ಪಿನ ಚಿಕಿತ್ಸೆಯನ್ನೂ ಒಟ್ಟಿಗೆ ಮಾಡಬಾರದು. ಮೆದು ನೀರಿನ ಊರುಗಳಲ್ಲಿ, ಮಲೆನಾಡು–ಕರಾವಳಿಯ ಎಷ್ಟೋ ಬಾವಿಗಳ ನೀರು ಹಾಗಿರುತ್ತದೆ, ಒಂದು ಬಟ್ಟೆಚೀಲದಲ್ಲಿ ಪುಡಿಮಾಡಿದ ಚಿಪ್ಪು ಇಡುವುದು ಒಳ್ಳೆಯದು. ಬ್ಯಾಕ್ಟೀರಿಯಾದ ಕೆಲಸ ನೀರಿನ ಕ್ಷಾರಾಂಶವನ್ನು ಸವೆಸುತ್ತದೆ: ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಏಳು ಮಿಲಿಗ್ರಾಮಿನಷ್ಟು ಸುಣ್ಣದ ಕಾರ್ಬನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಅದು ತೀರಿದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಚಿಪ್ಪು ನಿಧಾನವಾಗಿ ಕರಗಿ ಆ ಕೊರತೆ ತುಂಬುತ್ತದೆ.

ಫಿಲ್ಟರಿನ ಆಯ್ಕೆ

ಸ್ಪಂಜ್ ಫಿಲ್ಟರ್ ಅಗ್ಗ, ನಂಬಿಕಸ್ಥ. ಮರಿಗಳಿಗೆ ಸಾಕು, ಬೆಳೆದ ಗೋಲ್ಡ್‌ಫಿಶ್‌ಗೆ ಒಂಟಿಯಾಗಿ ಸಾಲದು. ತೊಟ್ಟಿಯೊಳಗೆ ಮುಳುಗಿಸುವ ಚಿಕ್ಕ ಪವರ್ ಫಿಲ್ಟರಿನಲ್ಲಿ ಮೀಡಿಯಾಕ್ಕೆ ಜಾಗವೇ ಇಲ್ಲ. ಮೇಲೆ ಕೂರುವ ಟಾಪ್ ಫಿಲ್ಟರ್ ಮನೆಮಟ್ಟಿಗೆ ಅತ್ಯುತ್ತಮವೆಂದು ಈ ಲೇಖಕರ ಅಭಿಪ್ರಾಯ: ಮುಚ್ಚಳ ತೆಗೆದರೆ ಸ್ಪಂಜು ಕೈಗೆ ಸಿಗುತ್ತದೆ, ನೀರು ಬೀಳುವಾಗ ಗಾಳಿ ಬೆರೆಯುತ್ತದೆ. ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಜಾಗ ಹೆಚ್ಚು, ತೆರೆಯುವ ಶ್ರಮವೂ ಹೆಚ್ಚು. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಡುವ ಸಂಪ್ ವ್ಯವಸ್ಥೆ ಎಲ್ಲಕ್ಕಿಂತ ಶಕ್ತ. ಕೊಳಾಯಿ ಕೆಲಸ ಗೊತ್ತಿದ್ದವರಿಗೆ ಅದು ಒಪ್ಪುತ್ತದೆ. ಗಂಟೆಗೆ ತೊಟ್ಟಿಯ ಐದರಿಂದ ಎಂಟು ಪಟ್ಟು ನೀರು ಫಿಲ್ಟರನ್ನು ಹಾದುಹೋಗಬೇಕೆಂಬುದು ಸಾಕುವವರ ರೂಢಿ. ಪೆಟ್ಟಿಗೆಯ ಮೇಲೆ ಬರೆದ ವೇಗ ಮೀಡಿಯಾ ತುಂಬದ, ನೀರು ಎತ್ತರಕ್ಕೆ ಏರಬೇಕಿಲ್ಲದ ಪಂಪಿನದು. ಮನೆಯಲ್ಲಿ ಅಷ್ಟು ಸಿಗದು. ಹಾಗೆಂದು ಪ್ರವಾಹ ಜೋರಾದರೆ ರಾಂಚು, ಒರಾಂಡಾಗಳು ದಿನವಿಡೀ ಅದರೊಡನೆ ಗುದ್ದಾಡಿ ಬಳಲುತ್ತವೆ. ನೀರು ಬೀಳುವ ತುದಿಯನ್ನು ಗಾಜಿನತ್ತ ತಿರುಗಿಸಬೇಕು, ಇಲ್ಲವೇ ರಂಧ್ರಗಳ ಕೊಳವೆಯಲ್ಲಿ ಹರಡಬೇಕು.

ದೊಡ್ಡ ತೊಟ್ಟಿ

ಗುಂಡು ತಳಿಯ ಮೊದಲ ಮೀನಿಗೆ 75 ಲೀಟರ್, ಅನಂತರದ ಒಂದೊಂದಕ್ಕೆ ನಲವತ್ತು ಎಂಬುದು ಅನುಭವದಿಂದ ಬಂದ ಕನಿಷ್ಠ ಮಿತಿ. ನಮ್ಮಲ್ಲಿ ತೊಟ್ಟಿಗಳನ್ನು ಅಡಿಯಲ್ಲಿ ಹೇಳುತ್ತಾರೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು 56 ಲೀಟರ್ ಅಷ್ಟೆ. ಅದು ಮರಿಗಳ ತಾತ್ಕಾಲಿಕ ಬಿಡಾರ. ಮೂರು–ಒಂದೂವರೆ–ಒಂದೂವರೆಯದು 190 ಲೀಟರ್, ನಾಲ್ಕು–ಒಂದೂವರೆ–ಒಂದೂವರೆಯದು 255 ಲೀಟರ್. ಎತ್ತರಕ್ಕಿಂತ ಉದ್ದ ಅಗಲಗಳಿಗೆ ದುಡ್ಡು ಹಾಕಬೇಕು, ಏಕೆಂದರೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. ಕಾಮೆಟ್‌ಗಳಿಗೆ ಗಾಜಿನ ತೊಟ್ಟಿಗಿಂತ ಅಂಗಳದ ಕೊಳವೇ ಸರಿ. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣ ಬಿಡುವುದು ನಿಲ್ಲುವವರೆಗೆ, ಅಂದರೆ ಕೆಲವು ವಾರ, ನೀರು ತುಂಬಿ ಚೆಲ್ಲುತ್ತಿರಬೇಕು. ಈ ಅವಧಿಯಲ್ಲಿ ಬಾಳೆದಿಂಡು ಕತ್ತರಿಸಿ ಹಾಕುವ ರೂಢಿ ದಕ್ಷಿಣದಲ್ಲಿದೆ. ಪಿಎಚ್ ಎಂಟೂವರೆಗಿಂತ ಕೆಳಗೆ ನಿಂತ ಮೇಲೆ ಮೀನು.

255 ಲೀಟರ್ ನೀರು ಎಂದರೆ 255 ಕಿಲೋ. ಹತ್ತು ಮಿಲಿಮೀಟರ್ ಗಾಜಿನ ತೂಕ ಸುಮಾರು ಐವತ್ತು ಕಿಲೋ, ಸ್ಟ್ಯಾಂಡಿನದು ಬೇರೆ. ವಾಸದ ಕೋಣೆಯ ನೆಲವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. ಈ ತೊಟ್ಟಿಯ ಅಡಿಯಲ್ಲಿ ಬೀಳುವುದು ಅದರ ಎರಡೂವರೆ ಪಟ್ಟಿಗೂ ಮಿಗಿಲು. ಸುತ್ತಲ ನೆಲ ಖಾಲಿಯಿದ್ದು ಗೋಡೆ ಅಥವಾ ತೊಲೆಯ ಪಕ್ಕದಲ್ಲಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೋಣೆಯ ನಡುವೆ ಬೇಡ, ಹಳೆಯ ಮಹಡಿಯಾದರೆ ಎಂಜಿನಿಯರನ್ನು ಕೇಳದೆ ಬೇಡ. ಕಬ್ಬಿಣದ ಆಂಗಲ್ ಸ್ಟ್ಯಾಂಡ್, ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ. ಹಾಳೆ ಮರೆತರೆ ಒಂದು ಮರಳಿನ ಕಣ ಸಾಕು, ತಳದ ಗಾಜು ಸೀಳಲು. ಪಂಪಿನ ವಯರು ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರಬೇಕು, ವಯರಿನಗುಂಟ ಜಾರಿದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ಬೆಂಗಳೂರಿನವರಿಗೊಂದು ವಿಶೇಷವಿದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಎಂಟು ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹಿಡಿಯುವುದು ಏಳೂವರೆಯ ಒಳಗೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಎತ್ತರದ ತೊಂದರೆಯಿಲ್ಲ, ಕಾವಿನ ತೊಂದರೆ ಇದೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಮೀನಿನ ಬೇಡಿಕೆ ಹೆಚ್ಚು. ಗೋಲ್ಡ್‌ಫಿಶ್‌ಗೆ ಹಿತವಾದ್ದು 18ರಿಂದ 24 ಡಿಗ್ರಿ. ಹಿಮಗಟ್ಟಿದ ಕೊಳದಡಿ ಆಮ್ಲಜನಕವೇ ಇಲ್ಲದೆ, ದೇಹದಲ್ಲಿ ಆಲ್ಕೋಹಾಲ್ ತಯಾರಿಸಿಕೊಂಡು ದಿನಗಟ್ಟಲೆ ಬದುಕುವ ಬೆರಗಿನ ಶಕ್ತಿ ಈ ಮೀನಿಗಿದೆ. ಅದು ಚಳಿನೀರಿನ ಶಕ್ತಿ, ಮೇ ತಿಂಗಳ ಬಿಸಿನೀರಿನಲ್ಲಿ ಕೈ ಹಿಡಿಯದು. ಮೇಲ್ಮೈ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಏರ್ ಪಂಪು ಎಲ್ಲ ಊರಿನಲ್ಲೂ ಬೇಕೇ ಬೇಕು.

ಹೆಪ್ಪು ಹಾಕುವುದು

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ತಾನಾಗಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಈಗಾಗಲೇ ಹಳೆಯ ತೊಟ್ಟಿಯಲ್ಲಿ ಇದ್ದರೆ ಅಷ್ಟು ಕಾಯಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕುವಂತೆ ಹಳೆಯ ಮೀಡಿಯಾವನ್ನೇ ಹೊಸದಕ್ಕೆ ಹಾಕಬೇಕು. ಹಳೆಯ ಸ್ಪಂಜು, ಉಂಗುರಗಳನ್ನು ಹೊಸ ಫಿಲ್ಟರಿನ ಮೀಡಿಯಾದ ಪಕ್ಕದಲ್ಲಿ ಕೂರಿಸುವುದು ಒಂದು ದಾರಿ. ಹಳೆಯ ಫಿಲ್ಟರನ್ನೇ ಎತ್ತಿ ಹೊಸ ತೊಟ್ಟಿಯಲ್ಲಿ ಎರಡನ್ನೂ ಒಂದೂವರೆ ತಿಂಗಳು ಜೊತೆಯಾಗಿ ಓಡಿಸುವುದು ಇನ್ನೂ ಭದ್ರ. ಹಳೆಯ ನೀರನ್ನು ಬಕೆಟ್ಟುಗಟ್ಟಲೆ ಹೊತ್ತು ಸುರಿಯುವವರಿದ್ದಾರೆ. ಅದರಲ್ಲಿ ಹೆಪ್ಪು ಇಲ್ಲ, ನೈಟ್ರೇಟ್ ಇದೆ. ಸಾಗಿಸುವಾಗ ಮೀಡಿಯಾ ಒಣಗಬಾರದು, ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಉಸಿರುಗಟ್ಟಬಾರದು, ನಲ್ಲಿಯ ನೀರು ತಾಗಬಾರದು.

ನಲ್ಲಿ ನೀರಿನ ಭಯ ಸುಮ್ಮನೆ ಅಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಅದನ್ನು ಕೂಡಲೇ ತೆಗೆಯುತ್ತದೆ. ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಊದುತ್ತಾ ಇಟ್ಟರೂ ಮಾಮೂಲಿ ಕ್ಲೋರಿನ್ ಹೋಗುತ್ತದೆ. ಟ್ಯಾಂಕರಿನ ಬೋರ್‌ವೆಲ್ ನೀರಿಗೂ ಆ ಒಂದು ದಿನದ ಗಾಳಿ ಬೇಕು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು.

ಹೊಸ ತೊಟ್ಟಿಗೆ ಮೀನು ಇಳಿಸಿದ ಮೊದಲ ವಾರ ಆಹಾರ ಅರ್ಧಕ್ಕೆ ಇಳಿಸಿ, ದಿನವೂ ಹನಿಯ ಟೆಸ್ಟ್ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್ ನೋಡಬೇಕು. ಎರಡೂ ಸೊನ್ನೆ ಇರಬೇಕು. ಅಮೋನಿಯಾ ಅರ್ಧ ಮಿಲಿಗ್ರಾಂ ತಲುಪಿದರೆ ಅಂದೇ ಮೂರರಲ್ಲೊಂದು ಪಾಲು ನೀರು ಬದಲಾವಣೆ. ನೈಟ್ರೈಟ್ ಕಂಡರೆ ಅದರ ಜೊತೆಗೆ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ.

ಅನಂತರದ ನಿತ್ಯಕ್ರಮ ಸರಳ. ವಾರಕ್ಕೊಮ್ಮೆ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಾವಣೆ. ಅದೇ ಹೊರತೆಗೆದ ನೀರಿನಲ್ಲಿ ಸ್ಪಂಜು ಹಿಂಡುವುದು. ಜೈವಿಕ ಮೀಡಿಯಾವನ್ನು ಕೆಸರು ಕಟ್ಟಿದಾಗ ಮಾತ್ರ, ಒಮ್ಮೆಗೆ ಅರ್ಧದಷ್ಟನ್ನು ಮಾತ್ರ ಜಾಲಿಸುವುದು. ಫಿಲ್ಟರ್ ಪೂರ್ತಿ ಬೆಳ್ಳಗಾಗುವಂತೆ ಉಜ್ಜುವ ಶುದ್ಧದ ಗೀಳು ಎಷ್ಟೋ ಮನೆಗಳ ಮೀನನ್ನು ಕೊಂದಿದೆ. ಕಂದು ಬಣ್ಣದ, ಮಣ್ಣಿನ ವಾಸನೆಯ ಸ್ಪಂಜು ಆರೋಗ್ಯದ ಲಕ್ಷಣ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಉಸಿರು ನಿಂತಿದೆ ಎಂದರ್ಥ. ಕರೆಂಟು ಹೋಗಿ ಹಲವು ತಾಸು ನಿಂತ ಕ್ಯಾನಿಸ್ಟರನ್ನು ಒಳಗಿನ ನೀರು ಚೆಲ್ಲದೆ ಮತ್ತೆ ಚಾಲೂ ಮಾಡಬಾರದು. ಬ್ಯಾಟರಿಯ ಏರ್ ಪಂಪಿಗೆ ಜೋಡಿಸಿದ ಒಂದು ಸ್ಪಂಜ್ ಫಿಲ್ಟರ್ ತೊಟ್ಟಿಯ ಮೂಲೆಯಲ್ಲಿ ಸದಾ ಇರಲಿ. ಕರೆಂಟು ಹೋದ ರಾತ್ರಿ ಮೀನು ಉಳಿಯುವುದು ಅದರಿಂದ.

ದೊಡ್ಡ ತೊಟ್ಟಿಗೆ ಜಾಗವಿಲ್ಲದವರು ಮೀನನ್ನು ಕೆರೆಗೆ ಬಿಡುವುದು ದಯೆಯಲ್ಲ. ಪಶ್ಚಿಮ ಆಸ್ಟ್ರೇಲಿಯದ ವಾಸ್ ನದಿಯಲ್ಲಿ ಹಾಗೆ ಬಿಟ್ಟ ಗೋಲ್ಡ್‌ಫಿಶ್‌ಗಳ ಸಂತತಿ ಎರಡು ಕಿಲೋ ಹತ್ತಿರದ ತೂಕಕ್ಕೆ ಬೆಳೆದು, ತಳ ಕೆದಕಿ ನೀರು ಕಲಕಿ, ಅಲ್ಲಿನ ಮೂಲ ಮೀನುಗಳಿಗೆ ಕಂಟಕವಾಗಿದೆ. ಕೊಳ ಇರುವವರಿಗೆ ಕೊಡಿ, ಅಂಗಡಿಗೆ ಮರಳಿಸಿ. ಇನ್ನು ವರ್ಷಗಳಿಂದ ರೋಗವಿಲ್ಲದೆ ತೊಟ್ಟಿ ನಡೆಸುತ್ತಿರುವವರಲ್ಲಿ ಒಂದು ಕೋರಿಕೆ. ಫಿಲ್ಟರಿನಲ್ಲಿ ಒಂದು ಸ್ಪಂಜು ಹೆಚ್ಚಾಗಿಯೇ ಇಟ್ಟಿರಿ. ಪಕ್ಕದ ಮನೆಯ ಮಗು ಮೊದಲ ಮೀನು ತಂದ ದಿನ, ಹೆಪ್ಪು ಕೊಟ್ಟಂತೆ, ಅದರಲ್ಲೊಂದು ತುಂಡು ಕತ್ತರಿಸಿ ಕೊಡಿ.